ಎರಡು ಬಳೆ, ಒಂದು ಸಿಎನ್‌ಸಿ ಮೆಷಿನ್

ಬಿ.ಸಿ. ರೋಡಿನಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿ ಒಂದು ಹೆಂಚಿನ ಮನೆ. ಮನೆಯ ಹಿಂದೆ ಮೊದಲು ಕಟ್ಟಿಗೆ ರಾಶಿ ಹಾಕುತ್ತಿದ್ದ ಕೊಟ್ಟಿಗೆ ಈಗ ವರ್ಕ್‌ಶಾಪ್. ಅಸರ್ ಕಳೆದ ಮೇಲೆ ಆ ಕಡೆ ಹೋದರೆ ದೂರದಿಂದಲೇ ಮೆಷಿನಿನ ಶಬ್ದ ಕೇಳುತ್ತದೆ. ಮರ ಕೊರೆಯುವಾಗ ಒಂದು ಶಬ್ದ, ಅಲ್ಯೂಮಿನಿಯಂ ಕೊರೆಯುವಾಗ ಇನ್ನೊಂದು. "ಉಸ್ತಾದರೇ, ಈಗ ಕಣ್ಣು ಮುಚ್ಚಿದರೂ ನನಗೆ ಗೊತ್ತಾಗ್ತದೆ, ಬಿಟ್ ಕತ್ತರಿಸ್ತಾ ಉಂಟಾ, ಬರೀ ಉಜ್ಜುತ್ತಾ ಉಂಟಾ ಅಂತ. ಆದರೆ ಅದು ಗೊತ್ತಾಗುವಷ್ಟರಲ್ಲಿ ನಾಲ್ಕು ಬಿಟ್ ಮುರಿದಾಗಿತ್ತು" ಎಂದು ನಗುತ್ತಾನೆ ಆ ಹುಡುಗ.

ಹುಡುಗ ಎಂದೆನಾದರೂ ಅವನಿಗೆ ಮೂವತ್ತು ದಾಟಿದೆ. ಸಣ್ಣವನಿದ್ದಾಗ ಮದ್ರಸದ ಹಿಂದಿನ ಬೆಂಚಿನಲ್ಲಿ ಕುಳಿತು ಪೆನ್ನು ಬಿಚ್ಚಿ ಸ್ಪ್ರಿಂಗ್ ತೆಗೆಯುತ್ತಿದ್ದವನು. ಪೇಪರಿನಲ್ಲಿ ಹೆಸರು ಬೇಡ ಎಂದಿದ್ದಾನೆ, ಹಾಕುವುದಿಲ್ಲ. ಎಂಟು ವರ್ಷ ಗಲ್ಫಿನಲ್ಲಿ ಅಲ್ಯೂಮಿನಿಯಂ ಕಿಟಕಿ, ಬಾಗಿಲು ಮಾಡುವ ಅಂಗಡಿಯಲ್ಲಿ ದುಡಿದ. ಕೆಲಸ ಹೋಯಿತು, ಊರಿಗೆ ಬಂದ. ಕೈಯಲ್ಲಿದ್ದ ಹಣ ಮನೆ ರಿಪೇರಿಗೂ ತಂಗಿಯ ಮದುವೆಗೂ ಮುಗಿದಿತ್ತು. ಮುಂದೇನು ಎಂದು ಕುಳಿತಿದ್ದಾಗ ಉಮ್ಮ ತನ್ನ ಕೈಯ ಎರಡು ಬಳೆ ತೆಗೆದು ಕೊಟ್ಟರು. ಆ ಬಳೆ ಮಾರಿದ ಹಣವೇ ಇವತ್ತು ಕೊಟ್ಟಿಗೆಯಲ್ಲಿ ಮೆಷಿನ್ ಆಗಿ ನಿಂತಿದೆ.

ಇಂಥ ಮನೆ ನಮ್ಮಲ್ಲಿ ಇದೊಂದೇ ಅಲ್ಲ. ಮಗ ಮೊಬೈಲ್ ಹಿಡಿದು ಬಂದು ಒಂದು ವೀಡಿಯೊ ತೋರಿಸುತ್ತಾನೆ. ಮೇಜಿನ ಮೇಲಿಡುವಂಥ ಸಣ್ಣ ಮೆಷಿನ್, ಬಾಳೆದಿಂಡು ಕತ್ತರಿಸಿದ ಹಾಗೆ ಅಲ್ಯೂಮಿನಿಯಂ ಕತ್ತರಿಸುತ್ತಿರುತ್ತದೆ. "ಇದೊಂದು ತೆಗೆದರೆ ಸಾಕು, ಮತ್ತೆ ಗಲ್ಫಿಗೆ ಹೋಗುವುದೇ ಬೇಡ" ಎನ್ನುತ್ತಾನೆ. ಮನೆಯವರಿಗೆ ಹೌದೆನ್ನಬೇಕೋ ಬೇಡ ಎನ್ನಬೇಕೋ ತಿಳಿಯುವುದಿಲ್ಲ. ಬಳೆ ಕೈಯಿಂದ ಜಾರುವ ಮೊದಲು ಆ ಮೆಷಿನ್ ಎಂತ, ಅದರಿಂದ ಎಷ್ಟಾಗುತ್ತದೆ, ಎಷ್ಟಾಗುವುದಿಲ್ಲ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಹಾಗೆಂದು ಎರಡು ಸಂಜೆ ಆ ಕೊಟ್ಟಿಗೆಯಲ್ಲಿ ಕುಳಿತು ನೋಡಿದ್ದನ್ನೂ ಕೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೆಷಿನ್ ಅಂದರೆ ಎಂತ?

ಬಡಗಿಗಳ ಕೈಯಲ್ಲಿ ರೂಟರ್ ನೋಡಿರುತ್ತೀರಿ. ಮೋಟಾರಿನ ತುದಿಗೆ ಒಂದು ಬಿಟ್, ಅದು ಗಿರಗಿರನೆ ತಿರುಗಿ ಮರದ ಅಂಚು ಕೊರೆಯುತ್ತದೆ. ಆ ರೂಟರನ್ನು ಕೈಯಲ್ಲಿ ಹಿಡಿಯುವ ಬದಲು ಒಂದು ಚೌಕಟ್ಟಿಗೆ ಕಟ್ಟಿ, ಎಡಬಲಕ್ಕೆ ಒಂದು ಮೋಟಾರು, ಹಿಂದೆಮುಂದಕ್ಕೆ ಒಂದು, ಮೇಲೆಕೆಳಗೆ ಒಂದು ಎಂದು ಮೂರು ಮೋಟಾರು ಇಟ್ಟರೆ ಅದೇ ಸಿಎನ್‌ಸಿ ರೂಟರ್. ಕೈಯ ಬದಲು ಕಂಪ್ಯೂಟರ್ ಅದನ್ನು ನಡೆಸುತ್ತದೆ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಬೇಕು. ಆ ಚಿತ್ರವನ್ನು ಇನ್ನೊಂದು ಸಾಫ್ಟ್‌ವೇರ್ ಅಂಕಿಗಳ ಸಾಲು ಮಾಡಿ ಕೊಡುತ್ತದೆ. ಇದಕ್ಕೆ ಜಿ-ಕೋಡ್ ಎನ್ನುತ್ತಾರೆ. "ಜಿ1 ಎಕ್ಸ್50 ಎಫ್600" ಎಂದು ಬರೆದಿದ್ದರೆ, ನಿಮಿಷಕ್ಕೆ 600 ಮಿಲಿಮೀಟರ್ ವೇಗದಲ್ಲಿ 50ನೇ ಮಿಲಿಮೀಟರಿನ ಗುರುತಿಗೆ ನೇರ ಹೋಗು ಎಂದರ್ಥ. ಮೆಷಿನಿಗೆ ಗೊತ್ತಿರುವುದು ಇಷ್ಟೇ. ಕೆಳಗೆ ಇರುವುದು ಮರವೋ ಲೋಹವೋ, ಬಿಟ್ ಚೂಪಾಗಿದೆಯೋ ಮುರಿದಿದೆಯೋ, ಯಾವುದೂ ಅದಕ್ಕೆ ತಿಳಿಯದು.

ಈ ವಿದ್ಯೆ ಹುಟ್ಟಿದ್ದು ಅಮೆರಿಕದಲ್ಲಿ. ಮಿಶಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಎಂಬವರು ಹೆಲಿಕಾಪ್ಟರ್ ರೆಕ್ಕೆಗಳ ಆಕಾರವನ್ನು ಅಂಕಿಗಳಿಂದಲೇ ಕತ್ತರಿಸಬಹುದೆಂದು ಯೋಚಿಸಿದರು. ಅದರ ಮೇಲೆ ಎಂಐಟಿ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆ ಕೆಲಸ ಮಾಡಿ 1952ರಲ್ಲಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಮೆಷಿನನ್ನು ಜನರಿಗೆ ತೋರಿಸಿತು. 1959ರಲ್ಲಿ ಅದೇ ಎಂಐಟಿಯವರು ಪತ್ರಕರ್ತರನ್ನು ಕರೆದು, ಹೊಸ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಕೊರೆಸಿದ ಆ್ಯಶ್‌ಟ್ರೇಗಳನ್ನು ಹಂಚಿದರು. ಅವೂ ಅಲ್ಯೂಮಿನಿಯಂನವು. ಆಗ ಅದು ದೊಡ್ಡ ಕಾರ್ಖಾನೆಗಳ ಸೊತ್ತು. 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೊ ಎಂಬ ಅಗ್ಗದ ಸಣ್ಣ ಸರ್ಕ್ಯೂಟ್ ಬೋರ್ಡ್ ಬಂತು. 2009ರಲ್ಲಿ ಅದರ ಮೇಲೆ ಓಡುವ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಬಂತು. ಆ ಮೇಲೆಯೇ ಇಂಥ ಮೆಷಿನುಗಳು ಮನೆಯ ಕೊಟ್ಟಿಗೆಗೆ ಇಳಿದದ್ದು.

ಮೆಷಿನಿನ ಅಳತೆ ಅದರ ಹೆಸರಿನಲ್ಲೇ ಇರುತ್ತದೆ. ನಮ್ಮ ಕಡೆ ಬಾಗಿಲು, ಜಾಲಿ ಡಿಸೈನ್ ಕೊರೆಯುವ ಅಂಗಡಿಗಳಲ್ಲಿರುವ 1325 ಮೆಷಿನಿನಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಇಡೀ ಪ್ಲೈವುಡ್ ಶೀಟ್ ಮಲಗಿಸಬಹುದು. ಮಕ್ಕಳ ಆಟಿಕೆಯ ಹಾಗೆ ಕಾಣುವ 3018 ಎಂಬುದು 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ್ದು. ಈ ಹುಡುಗನದ್ದು ಎರಡರ ನಡುವಿನದ್ದು, 6040. ಅಂದರೆ 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ. ಅವನು ತೆಗೆದದ್ದು ಮರಕ್ಕೆಂದೇ. ಮನೆಯ ಹೆಸರಿನ ಬೋರ್ಡು, ಗೋಡೆಗೆ ತೂಗುಹಾಕುವ ಅಕ್ಷರಗಳು, ಕಪಾಟಿನ ಬಾಗಿಲಿಗೆ ಹೂವಿನ ಕೆತ್ತನೆ, ಇಂಥವು. ಆರು ತಿಂಗಳು ಹಾಗೆಯೇ ನಡೆಯಿತು.

ಒಂದು ಗಾಲಿಕುರ್ಚಿಯ ಪ್ಲೇಟು

ಅಲ್ಯೂಮಿನಿಯಂ ಕೆಲಸ ಬಂದದ್ದು ಹಣದಾಸೆಯಿಂದಲ್ಲ. ನೆರೆಮನೆಯಲ್ಲಿ ವಯಸ್ಸಾದ ಒಬ್ಬರು ಗಾಲಿಕುರ್ಚಿಯಲ್ಲಿದ್ದಾರೆ. ವರ್ಷಗಳಿಂದ ಸಕ್ಕರೆ ಕಾಯಿಲೆ. ಯಾರೋ ದಾನವಾಗಿ ಕೊಟ್ಟ ಆ ಕುರ್ಚಿಯ ಕಾಲಿಡುವ ಪ್ಲೇಟು ಮುರಿದುಹೋಯಿತು. ಹೊಸತು ಎಲ್ಲಿಯೂ ಸಿಗಲಿಲ್ಲ. ಇಡೀ ಕುರ್ಚಿ ಬದಲಿಸಿ ಎಂದರು ಅಂಗಡಿಯವರು. ಕಾಲು ನೆಲಕ್ಕೆ ಎಳೆಯದಿರಲೆಂದು ಮನೆಯವರು ಒಂದು ಹಲಗೆಯ ತುಂಡನ್ನು ಹಗ್ಗದಲ್ಲಿ ಕಟ್ಟಿದ್ದರು. ಸಕ್ಕರೆ ಕಾಯಿಲೆಯವರ ಕಾಲು ಎಂದರೆ ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ. ಗೀರಿದರೆ ನೋವು ಗೊತ್ತಾಗುವುದಿಲ್ಲ, ಗಾಯವಾದರೆ ಬೇಗ ಒಣಗುವುದಿಲ್ಲ.

"ನಿನ್ನ ಮೆಷಿನಿನಲ್ಲಿ ಆಗ್ತದಾ ಮೋನೇ?" ಎಂದು ಆ ಮನೆಯ ಉಮ್ಮ ಕೇಳಿದರು. ಇವನು ಆಗ್ತದೆ ಎಂದುಬಿಟ್ಟ. ಎಂಟು ವರ್ಷ ಅಲ್ಯೂಮಿನಿಯಂ ಕತ್ತರಿಸಿದ್ದೇನಲ್ಲ ಎಂಬ ಧೈರ್ಯ. ಆದರೆ ಗಲ್ಫಿನಲ್ಲಿ ಅವನು ಕತ್ತರಿಸಿದ್ದು ದೊಡ್ಡ ಗರಗಸದ ಚಕ್ರದಲ್ಲಿ. ಈ ಸಪೂರ ಬಿಟ್ಟಿನಲ್ಲಿ ಅಲ್ಲ.

ನಾಲ್ಕು ಬಿಟ್, ನಾಲ್ಕು ಪಾಠ

ಮೊದಲ ರಾತ್ರಿ ಮರಕ್ಕೆ ಹಾಕುವ ಎರಡು ಅಲಗಿನ ಬಿಟ್ಟನ್ನೇ ಹಾಕಿ, ಮರಕ್ಕೆ ಕೊಡುವ ಅಂಕಿಗಳನ್ನೇ ಕೊಟ್ಟ. ಒಂದು ಸಲಕ್ಕೆ ಮೂರು ಮಿಲಿಮೀಟರ್ ಆಳ. ಸ್ಪಿಂಡಲ್ ನಿಮಿಷಕ್ಕೆ 18,000 ಸುತ್ತು. ಬಿಟ್ ಪ್ಲೇಟಿಗೆ ತಾಗಿದ್ದೇ ತಡ, ಮೇಜು ನಡುಗಿತು, ಟಕ್ ಎಂದಿತು, ಅಷ್ಟೇ. ಮರ ಬಿಟ್ಟುಕೊಡುತ್ತದೆ, ಲೋಹ ಬಿಟ್ಟುಕೊಡುವುದಿಲ್ಲ. ಕಾರ್ಖಾನೆಯ ಮಿಲ್ಲಿಂಗ್ ಮೆಷಿನ್ ಎರಕದ ಕಬ್ಬಿಣದ್ದು, ತೂಕ ಟನ್ ಲೆಕ್ಕದಲ್ಲಿ. ಹೊಡೆತ ಬಿದ್ದರೆ ತಡೆದುಕೊಳ್ಳುತ್ತದೆ. ಸಣ್ಣ ರೂಟರಿನ ಚೌಕಟ್ಟು ಹಗುರ. ಆಳಕ್ಕೆ ಹೋದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬಾಗಿದ್ದು ಹಿಂದಕ್ಕೆ ಹಾರುತ್ತದೆ, ಆ ನಡುಕದಲ್ಲಿ ಬಿಟ್ ಮುರಿಯುತ್ತದೆ. ಆದ್ದರಿಂದ ಸಣ್ಣ ಮೆಷಿನಿನಲ್ಲಿ ಒಂದು ಸಲಕ್ಕೆ ಕಾಲು ಮಿಲಿಮೀಟರ್ ಆಸುಪಾಸು ಆಳವೇ ಸಾಕು.

ಎರಡನೇ ಬಿಟ್ ಹೆದರಿಕೆಯಿಂದ ಹೋಯಿತು. ಒಂದು ಮುರಿಯಿತಲ್ಲ, ಈಗ ಮೆಲ್ಲ ಹೋಗುವ ಎಂದುಕೊಂಡು ವೇಗವನ್ನು ನಿಮಿಷಕ್ಕೆ 100 ಮಿಲಿಮೀಟರಿಗೆ ಇಳಿಸಿದ. ಸ್ಪಿಂಡಲಿನ ಸುತ್ತು ಮಾತ್ರ ಅದೇ 18,000. ಮೆಲ್ಲ ಹೋದರೆ ಕ್ಷೇಮ ಎಂದು ನಾವೆಲ್ಲ ಎಣಿಸುತ್ತೇವೆ. ಇಲ್ಲಿ ಹಾಗಲ್ಲ. ಲೆಕ್ಕ ನೋಡಿ: ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗಿದರೆ ಅಲಗುಗಳು 36,000 ಸಲ ಲೋಹಕ್ಕೆ ತಾಗುತ್ತವೆ. 100 ಮಿಲಿಮೀಟರನ್ನು 36,000 ಪಾಲು ಮಾಡಿದರೆ ಒಂದು ಸಲಕ್ಕೆ ಅಲಗಿನ ಪಾಲಿಗೆ ಬರುವುದು ಸುಮಾರು 0.003 ಮಿಲಿಮೀಟರ್. ತಲೆಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ತೆಳ್ಳಗೆ ಅಲಗು ಕಚ್ಚುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಾದರೂ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಬಿಸಿಗೆ ಮೆತ್ತಗಾಗಿ ಅಲಗಿಗೆ ಮೆತ್ತಿಕೊಳ್ಳುತ್ತದೆ. ಅಲಗಿನ ಸಂದು ತುಂಬಿದ ಮೇಲೆ ಅದು ಬಿಟ್ ಅಲ್ಲ, ತಿರುಗುವ ಕಡ್ಡಿ. ಮತ್ತೆ ಟಕ್.

ಇದನ್ನು ಅವನು ವಿವರಿಸುವಾಗ ಚಾ ತಂದ ಉಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಕಾಯಿ ಹೆರೆಯುವುದೂ ಹಾಗೆಯೇ ಅಲ್ವಾ? ಬಲ ಹಾಕಿ ಒತ್ತಿದರೆ ತುಂಡು ತುಂಡಾಗಿ ಬರ್ತದೆ, ಒತ್ತದೆ ಇದ್ದರೆ ಬರೀ ಜಾರ್ತದೆ. ತೆಳ್ಳಗೆ ತೆಗೀಬೇಕು, ಆದರೆ ಕೈ ನಿಲ್ಲಬಾರದು" ಎಂದರು. ಮಗ ನನ್ನ ಮುಖ ನೋಡಿದ. "ಇದನ್ನು ಮೊದಲೇ ಹೇಳಿದ್ದರೆ ಎರಡು ಬಿಟ್ ಉಳೀತಿತ್ತು ಉಸ್ತಾದರೇ!"

ಈಗ ಅವನು ಹಾಕುವುದು ಅಲ್ಯೂಮಿನಿಯಂಗೆಂದೇ ಬರುವ ಒಂದೇ ಅಲಗಿನ, 4 ಮಿಲಿಮೀಟರ್ ಕಾರ್ಬೈಡ್ ಬಿಟ್. ಒಂದೇ ಅಲಗಾದರೆ ಚೂರು ಹೊರಗೆ ಹೋಗಲು ಜಾಗ ಹೆಚ್ಚು. ಸುತ್ತು 15,000, ವೇಗ ನಿಮಿಷಕ್ಕೆ 600 ಮಿಲಿಮೀಟರ್. ಭಾಗಿಸಿ ನೋಡಿದರೆ ಅಲಗಿನ ಪಾಲಿಗೆ 0.04 ಮಿಲಿಮೀಟರ್. ಆಳ 0.3. ಸರಿಯಾಗಿ ಕತ್ತರಿಸುತ್ತಿದ್ದರೆ ಹೊರಬರುವುದು ಪುಡಿ ಅಲ್ಲ, ಮಿಂಚುವ ಸಣ್ಣ ಸಣ್ಣ ಸಿಬರು. ಬಿಸಿಯನ್ನು ಆ ಸಿಬರೇ ಹೊತ್ತುಕೊಂಡು ಹೋಗುತ್ತದೆ. ಪುಡಿ ಬರಲು ಶುರುವಾದರೆ, ಶಬ್ದ ಕಿರುಚಲು ಶುರುವಾದರೆ, ಕೂಡಲೇ ನಿಲ್ಲಿಸಬೇಕು. ಬಿಟ್ಟನ್ನು ಹೊಳೆಯುವ ಬಣ್ಣ ನೋಡಿ ತೆಗೆಯಬಾರದು ಎಂಬುದೂ ಅವನ ಮಾತು. ಉಕ್ಕಿಗೆಂದು ಬರುವ ಕೆಲವು ಬಿಟ್‌ಗಳ ಲೇಪದಲ್ಲಿಯೇ ಅಲ್ಯೂಮಿನಿಯಂ ಇರುತ್ತದೆ. ಅಂಥವಕ್ಕೆ ಅಲ್ಯೂಮಿನಿಯಂ ಇನ್ನೂ ಬೇಗ ಅಂಟುತ್ತದೆ. ಲೇಪವಿಲ್ಲದ ಬಿಟ್ಟೇ ವಾಸಿ.

ಮೂರನೆಯದ್ದು ಲೋಹದ ಪಾಠ. ಗುಜರಿ ವ್ಯಾಪಾರ ನಮ್ಮವರಿಗೆ ಹೊಸತಲ್ಲ. ಪರಿಚಯದ ಗುಜರಿಯಿಂದ ಅವನು ಒಂದು ದಪ್ಪ ಅಲ್ಯೂಮಿನಿಯಂ ತುಂಡು ತಂದ. ಅಂಕಿಗಳೆಲ್ಲ ಸರಿ ಇದ್ದರೂ ಅದು ಅಂಟಿನ ಹಾಗೆ ಮೆತ್ತಿಕೊಂಡಿತು. ಕಾರಣ, ಅಲ್ಯೂಮಿನಿಯಂ ಎಂದರೆ ಒಂದೇ ಅಲ್ಲ. ಶುದ್ಧ ಅಲ್ಯೂಮಿನಿಯಂ ಮೆತ್ತಗೆ, ಪಾತ್ರೆಗೆ ಒಳ್ಳೆಯದು, ಕೊರೆಯಲು ಕಷ್ಟ. ಕಿಟಕಿಗಳಿಗೆ ಬರುವುದು 6063 ಎಂಬ ಮಿಶ್ರಲೋಹ, ಅದು ನಡೆಯುತ್ತದೆ. ಭಾರ ಹೊರುವ ಬಿಡಿಭಾಗಗಳಿಗೆ 6061 ಅಥವಾ 6082. ಎರಡನೆಯದ್ದನ್ನು ಲೋಹದ ಅಂಗಡಿಗಳಲ್ಲಿ ಎಚ್‌ಇ-30 ಎಂದೂ ಕೇಳುತ್ತಾರೆ. ಅವುಗಳಲ್ಲಿ ಸ್ವಲ್ಪ ಮೆಗ್ನೀಸಿಯಂ, ಸಿಲಿಕಾನ್ ಸೇರಿಸಿ, ಬಿಸಿಯಲ್ಲಿ ಹದ ಮಾಡಿರುತ್ತಾರೆ. ಗಟ್ಟಿ ಇದ್ದಷ್ಟು ಚೂರು ಒಡೆದು ಸಲೀಸಾಗಿ ಬರುತ್ತದೆ. ಗುಜರಿಯ ತುಂಡು ಯಾವ ಜಾತಿಯದ್ದೆಂದು ನೋಡಿ ಹೇಳಲಾಗದು. ಹೆಸರಿನ ಬೋರ್ಡಿಗೆ ಅದು ಸಾಕು. ಮನುಷ್ಯನ ಕಾಲು ಹೊರುವ ಪ್ಲೇಟಿಗೆ ಸಾಲದು.

ನಾಲ್ಕನೆಯದ್ದು ಹಿಡಿತದ ಪಾಠ. ಪ್ಲೇಟಿನ ಎರಡೇ ಮೂಲೆಗೆ ಕ್ಲಾಂಪ್ ಹಾಕಿದ್ದ. ಬಿಟ್ ಕೊನೆಯ ಸುತ್ತಿಗೆ ಬಂದಾಗ ಪ್ಲೇಟು ಕೂದಲೆಳೆಯಷ್ಟು ಎದ್ದಿತು, ಬಿಟ್ ಹೋಯಿತು. ಈಗ ನಾಲ್ಕೂ ಕಡೆ ಹಿಡಿಸುತ್ತಾನೆ. ಕತ್ತರಿಸಿದ ತುಂಡು ಪೂರ್ತಿ ಬಿಡಿಯಾಗಿ ಹಾರದ ಹಾಗೆ ಅಂಚಿನಲ್ಲಿ ಮೂರು ನಾಲ್ಕು ಕಡೆ ಸಣ್ಣ ಸೇತುವೆಯಷ್ಟು ಲೋಹ ಉಳಿಸಿ, ಕಡೆಗೆ ಗರಗಸದಲ್ಲಿ ಕೊಯ್ದು ಅರ ಹಾಕುತ್ತಾನೆ. ಬಿಟ್ಟನ್ನು ಆದಷ್ಟು ಒಳಗೆ ತಳ್ಳಿ ಗಿಡ್ಡಕ್ಕೆ ಕಟ್ಟುತ್ತಾನೆ. ಹೊರಗೆ ಚಾಚಿದ ಉದ್ದ ಎರಡು ಪಟ್ಟಾದರೆ ಬಾಗುವುದು ಎರಡು ಪಟ್ಟಲ್ಲ, ಎಂಟು ಪಟ್ಟು. ಮೇಲಿನಿಂದ ನೇರ ಚುಚ್ಚಿಸುವುದೂ ಇಲ್ಲ. ಬಾವಿಯ ಸುತ್ತುಮೆಟ್ಟಿಲು ಇಳಿದ ಹಾಗೆ ಸುತ್ತುತ್ತಾ ಇಳಿಯಲು ಸಾಫ್ಟ್‌ವೇರಿನಲ್ಲಿ ಹೇಳಿಕೊಡಬಹುದು.

ಐದನೇ ಬಿಟ್ಟಿನಲ್ಲಿ ಪ್ಲೇಟು ಆಯಿತು. ಹೊಸ 6061 ಪ್ಲೇಟು, ದಪ್ಪ 6 ಮಿಲಿಮೀಟರ್, ಉದ್ದ 15 ಸೆಂಟಿಮೀಟರ್, ಅಗಲ 10. ಮೂಲೆಗಳನ್ನು ಗುಂಡಗೆ ಮಾಡಿದ್ದ. ಆ ಮೇಲೆ ಒಂದು ಗಂಟೆ ಅರದಿಂದ, ಮತ್ತೆ ಸ್ಯಾಂಡ್‌ಪೇಪರಿನಿಂದ ಅಂಚು ಉಜ್ಜಿದ. ಮೆಷಿನ್ ಬಿಟ್ಟ ಅಂಚಿನಲ್ಲಿ ಬ್ಲೇಡಿನಂಥ ಸಣ್ಣ ಮುಳ್ಳುಗಳಿರುತ್ತವೆ. ಸಕ್ಕರೆ ಕಾಯಿಲೆಯ ಕಾಲಿಗೆ ಅದೊಂದು ಸಾಕು. ಹತ್ತಿಯ ತುಂಡನ್ನು ಅಂಚಿಗೆ ಎಳೆದು, ಎಲ್ಲಿಯೂ ಎಳೆ ಸಿಕ್ಕಿಕೊಳ್ಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಕೊಡುವ ಮೊದಲು ಕುರ್ಚಿಗೆ ಜೋಡಿಸಿ, 25 ಕಿಲೋ ಅಕ್ಕಿಯ ಗೋಣಿಯನ್ನು ಪ್ಲೇಟಿನ ಮೇಲೆ ಒಂದು ರಾತ್ರಿ ಇಟ್ಟ. "ಕಾಲು ಇಡ್ಲಿಕ್ಕೆ ಮಾತ್ರ, ಇದರ ಮೇಲೆ ನಿಲ್ಲಬಾರದು" ಎಂದು ಎರಡು ಸಲ ಹೇಳಿ ಕೊಟ್ಟ.

ಕಣ್ಣು, ಕೈ, ಬೆಂಕಿ

ಮನೆಯಲ್ಲಿ ಮೆಷಿನ್ ಇಡುವವರು ಈ ಭಾಗವನ್ನು ಎರಡು ಸಲ ಓದಬೇಕು. ಮರದ ಹುಡಿ ಕೆಳಗೆ ಬೀಳುತ್ತದೆ, ಅಲ್ಯೂಮಿನಿಯಂ ಸಿಬರು ಹಾರುತ್ತದೆ, ಅದೂ ಬಿಸಿಯಾಗಿ. ಬಿಟ್ ಮುರಿದರೆ ತುಂಡು ಎತ್ತ ಹಾರುವುದೆಂದು ಹೇಳಲಾಗದು. ಬದಿ ಮುಚ್ಚಿದ ಕನ್ನಡಕ ಇಲ್ಲದೆ ಹತ್ತಿರ ಹೋಗಬಾರದು, ಪಕ್ಕದಲ್ಲಿ ನಿಂತು ನೋಡುವವರೂ ಸಹ. ಆ ಸಂಜೆ ನನಗೂ ಒಂದು ಕನ್ನಡಕ ಕೊಟ್ಟೇ ಒಳಗೆ ಬಿಟ್ಟ.

ಸ್ಪಿಂಡಲ್ ತಿರುಗುವಾಗ ಕೈಗೆ ಗ್ಲೌಸ್ ಬೇಡ. ಗ್ಲೌಸಿನ ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತದೆ. ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಶಾಲು, ಕಟ್ಟದ ತಲೆಕೂದಲು, ಶಿರವಸ್ತ್ರದ ಇಳಿಬಿಟ್ಟ ತುದಿ, ಯಾವುದೂ ಮೆಷಿನಿನ ಹತ್ತಿರ ಬರಬಾರದು. ಸಿಬರನ್ನು ಕೈಯಲ್ಲಿ ಗುಡಿಸಬಾರದು. ಮೆಷಿನ್ ನಿಲ್ಲಿಸಿ ಬ್ರಶ್ಶಿನಿಂದ ತೆಗೆಯಬೇಕು. ಕಿವಿಗೂ ರಕ್ಷಣೆ ಬೇಕು. ಇಶಾ ನಂತರ ಇವನು ಮೆಷಿನ್ ಹಾಕುವುದಿಲ್ಲ, ನೆರೆಮನೆಯವರು ಮಲಗಬೇಕಲ್ಲ. ಆ ಮೊದಲ ರಾತ್ರಿಯ ಬೊಬ್ಬೆಗೆ ಬೆಳಿಗ್ಗೆ ಹೋಗಿ ಕ್ಷಮೆ ಕೇಳಿ ಬಂದಿದ್ದನಂತೆ.

ಅಲ್ಯೂಮಿನಿಯಂ ಅಂಟದಿರಲೆಂದು ಕೆಲವರು ಚಿಮಿಣಿ ಎಣ್ಣೆ ಹಾಕುತ್ತಾರೆ, ಕೆಲವರು ಸ್ಪಿರಿಟ್, ಕೆಲವರು ಡಬ್ಲ್ಯೂಡಿ-40. ಎಲ್ಲವೂ ಬೆಂಕಿ ಹಿಡಿಯುವಂಥವೇ. ಇವನು ಬ್ರಶ್ಶಿನಲ್ಲಿ ನಾಲ್ಕು ಹನಿ ಮುಟ್ಟಿಸುತ್ತಾನೆ, ಅಷ್ಟೇ. ಬೆಳಿಗ್ಗೆ ಮರ ಕೊರೆದ ಹುಡಿ ಅಲ್ಲಿಯೇ ಇದ್ದು, ಸಂಜೆ ಎಣ್ಣೆ ಬಿದ್ದು, ಮೇಲೆ ಬಿಸಿ ಸಿಬರು ಬಿದ್ದರೆ ಏನಾದೀತೆಂದು ಯೋಚಿಸಿ. ಆದ್ದರಿಂದ ಲೋಹಕ್ಕೆ ಕೈಹಾಕುವ ಮೊದಲು ಮರದ ಹುಡಿ ಪೂರ್ತಿ ತೆಗೆಯಬೇಕು, ವ್ಯಾಕ್ಯೂಮಿನ ಚೀಲವನ್ನೂ ಬೇರೆ ಮಾಡಬೇಕು. ಅಲ್ಯೂಮಿನಿಯಂ ನುಣ್ಣಗೆ ಪುಡಿಯಾದರೆ ಅದೂ ಉರಿಯುತ್ತದೆ. ಆ ಬೆಂಕಿಗೆ ನೀರು ಹಾಕಲೇಬಾರದು, ಒಣ ಹೊಯಿಗೆ ಹಾಕಬೇಕು. ಕೊಟ್ಟಿಗೆಯ ಬಾಗಿಲ ಬಳಿ ಒಂದು ಬಕೆಟ್ ಹೊಯಿಗೆ ಇದೆ.

ಇನ್ನೊಂದು ಮಾತು. ಮೆಷಿನ್ ತನ್ನಷ್ಟಕ್ಕೆ ಓಡುತ್ತದೆ ಎಂದು ಹಾಕಿಟ್ಟು ಊಟಕ್ಕೆ ಹೋಗಬಾರದು. ಕೆಂಪು ಸ್ಟಾಪ್ ಬಟನ್ ಕೈಗೆಟಕುವಲ್ಲಿ ಒಬ್ಬರು ಇರಲೇಬೇಕು. ಮನೆಯ ಸಣ್ಣ ಮಕ್ಕಳು ಬಾರದ ಹಾಗೆ ಈ ಕೊಟ್ಟಿಗೆಗೆ ಒಳಗಿನಿಂದ ಚಿಲಕ ಇದೆ.

ಇನ್ನೂರು ಪೀಸಿನ ಆರ್ಡರ್

ಗಾಲಿಕುರ್ಚಿಯ ಸುದ್ದಿ ಹರಡಿತು. ಮಂಗಳೂರಿನ ಒಬ್ಬ ವ್ಯಾಪಾರಿ ಬಂದರು. ಬೋರ್ಡು ನಿಲ್ಲಿಸುವ ಬ್ರ್ಯಾಕೆಟ್, ಹೆಚ್ಚುಕಡಿಮೆ ಅದೇ ಅಳತೆ, ಅದೇ ದಪ್ಪ. 200 ಪೀಸು ಬೇಕು, ಹತ್ತು ದಿನದಲ್ಲಿ. ಅರ್ಧ ಹಣ ಅಡ್ವಾನ್ಸ್ ಈಗಲೇ ಎಂದರು.

ಮನೆಯಲ್ಲಿ ಅಂದು ರಾತ್ರಿ ಮಾತುಕತೆ ನಡೆಯಿತು. ತಂಗಿಯ ಗಂಡ ಬಂದಿದ್ದ. "ಭಾವ, ಎಂತ ಯೋಚನೆ? ಅಡ್ವಾನ್ಸ್ ತಕ್ಕೊಳ್ಳಿ. ಉಮ್ಮನ ಬಳೆ ಒಂದೇ ಏಟಿಗೆ ವಾಪಸ್ ಬರ್ತದೆ" ಎಂದ. ಉಮ್ಮ ಏನೂ ಹೇಳಲಿಲ್ಲ. ಇವನು ಒಂದು ಮದುವೆ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಆ ಕಾಗದ ಈಗಲೂ ಗೋಡೆಗೆ ಅಂಟಿಸಿದೆ, ನಾನು ನೋಡಿದೆ.

ಪ್ಲೇಟಿನ ಸುತ್ತಳತೆ 500 ಮಿಲಿಮೀಟರ್. ನಿಮಿಷಕ್ಕೆ 600ರ ವೇಗದಲ್ಲಿ ಒಂದು ಸುತ್ತಿಗೆ 50 ಸೆಕೆಂಡ್. ಆಳ ಒಂದು ಸಲಕ್ಕೆ 0.3, ದಪ್ಪ 6, ಅಂದರೆ 20 ಸುತ್ತು. ಹೊರಗಿನ ಅಂಚಿಗೇ ಸುಮಾರು 17 ನಿಮಿಷ ಆಯಿತು. ತೂತುಗಳು ಸೇರಿ 25. ಪ್ಲೇಟು ಕಟ್ಟುವುದು, ಬಿಚ್ಚುವುದು, ಸಿಬರು ತೆಗೆಯುವುದು, ಅಂಚು ಉಜ್ಜುವುದು, ಅಳೆಯುವುದು ಸೇರಿ 40 ನಿಮಿಷ. 200 ಪೀಸಿಗೆ 8,000 ನಿಮಿಷ, ಅಂದರೆ 133 ಗಂಟೆ. ದಿನಕ್ಕೆ ಆರು ಗಂಟೆ ಮೆಷಿನ್ ಓಡಿದರೂ 22 ದಿನ. ಕರೆಂಟು ಹೋಗುವುದು, ಬಿಟ್ ಮುರಿಯುವುದು ಲೆಕ್ಕಕ್ಕೆ ಸೇರಿಸಿಲ್ಲ. ಮರದ ಕೆಲಸ ಕೊಟ್ಟವರು ಅಷ್ಟು ದಿನ ಕಾಯುವುದಿಲ್ಲ. ಹತ್ತು ದಿನದಲ್ಲಿ ಮುಗಿಸಬೇಕೆಂದು ಆಳ ಎರಡು ಪಟ್ಟು ಮಾಡಿದರೆ ಮೊದಲ ರಾತ್ರಿಯ ಕತೆಯೇ.

"ಅಡ್ವಾನ್ಸ್ ತಕ್ಕೊಂಡು ಕೊಡ್ಲಿಕ್ಕೆ ಆಗದಿದ್ದರೆ ಅದು ಬಳೆಯಲ್ಲಿ ಮುಗಿಯುವುದಿಲ್ಲ, ಮಾತು ಹೋಗ್ತದೆ. ಆಗುವುದಿಲ್ಲ ಅಂತ ನಾಳೆಯೇ ಹೇಳು" ಎಂದರು ಉಮ್ಮ. ಬೆಳಿಗ್ಗೆ ಫೋನು ಮಾಡಿ ಹೇಳಿದ. 200 ನನ್ನ ಮೆಷಿನಿನ ಕೆಲಸವಲ್ಲ, ಬೈಕಂಪಾಡಿಯಲ್ಲಿ ದೊಡ್ಡ ಮಿಲ್ಲಿಂಗ್ ಮೆಷಿನ್ ಇರುವವರಲ್ಲಿ ಕೊಡಿ. ಅಳತೆ ಸರಿಯಿದೆಯಾ ಎಂದು ನೋಡಲು ಮೊದಲು ನಾಲ್ಕು ಮಾದರಿ ಬೇಕಾದರೆ ನಾನು ಮಾಡಿಕೊಡುತ್ತೇನೆ, ಎರಡು ದಿನ ಸಾಕು. ವ್ಯಾಪಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಲ್ಕು ಮಾದರಿ ಮಾಡಲು ಒಪ್ಪಿದರು. ಮಾದರಿಯಲ್ಲಿ ಒಂದು ತೂತು ಎರಡು ಮಿಲಿಮೀಟರ್ ಆಚೆ ಇರಬೇಕಿತ್ತೆಂದು ಗೊತ್ತಾಯಿತು. ಅದು 200 ಪೀಸು ಆದ ಮೇಲೆ ಗೊತ್ತಾಗಿದ್ದರೆ? ಆ ವ್ಯಾಪಾರಿ ಈಗಲೂ ಹೊಸ ವಸ್ತು ಮಾಡಿಸುವಾಗ ಮಾದರಿಗೆ ಇಲ್ಲಿಗೇ ಬರುತ್ತಾರೆ.

ತೆಗೆಯುವ ಮೊದಲು

ಇದರಲ್ಲಿ ನಮ್ಮ ಮನೆಗಳಿಗೆ ತಿಳಿಯಬೇಕಾದದ್ದು ಇಷ್ಟು. ಸಣ್ಣ ಸಿಎನ್‌ಸಿ ರೂಟರ್ ಅಲ್ಯೂಮಿನಿಯಂ ಕತ್ತರಿಸುತ್ತದೆ, ಸುಳ್ಳಲ್ಲ. ಒಂದೋ ಎರಡೋ ಪೀಸು, ಎಲ್ಲಿಯೂ ಸಿಗದ ಬಿಡಿಭಾಗ, ಹೊಸ ವಸ್ತುವಿನ ಮಾದರಿ, ಹೆಸರಿನ ಫಲಕ, ಸ್ವಿಚ್ಚು ಕೂರಿಸುವ ಪ್ಯಾನಲ್, ಬಡಗಿಗಳಿಗೆ ಬೇಕಾದ ಅಳತೆಯ ಅಚ್ಚು, ಇವು ಅದರ ಕೆಲಸ. ನೂರಾರು ಪೀಸು ಅದರ ಕೆಲಸವಲ್ಲ. ಉಕ್ಕು ಅದರ ಕೆಲಸವಲ್ಲ. ಬ್ರೇಕ್, ಸ್ಟೀರಿಂಗ್‌ನಂಥ ಜೀವದ ಮೇಲಿನ ಭಾಗಗಳಿಗೆ ಕೈಹಾಕಲೇಬಾರದು. ಬರೀ ಅಲ್ಯೂಮಿನಿಯಂ ನಂಬಿ ಮೆಷಿನ್ ತೆಗೆಯುವುದಕ್ಕಿಂತ, ಮರದ ಕೆಲಸದಿಂದ ಮನೆ ನಡೆಸಿಕೊಂಡು ಅಲ್ಯೂಮಿನಿಯಂ ಬಂದಾಗ ಮಾಡುವುದು ಕ್ಷೇಮ. ಇವನು ಮಾಡುವುದೂ ಅದನ್ನೇ. ವಾರಕ್ಕೆ ಒಂದೋ ಎರಡೋ ಲೋಹದ ಕೆಲಸ, ಉಳಿದದ್ದೆಲ್ಲ ಮರ.

ಎರಡನೆಯದು, ಮೆಷಿನಿಗಿಂತ ಮೊದಲು ಕೆಲಸ ಕಲಿಯಬೇಕು. ಮಗ ಎಸೆಸೆಲ್ಸಿ ಮುಗಿಸಿದ್ದರೆ ಬೈಕಂಪಾಡಿಯಲ್ಲಿ ಸರಕಾರದ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕಿನ ಸಹಾಯದಿಂದ ಶುರುವಾದ ಸಂಸ್ಥೆಯ ಶಾಖೆ ಅದು. ಅಚ್ಚು, ಉಪಕರಣ ಮಾಡುವ ಡಿಪ್ಲೊಮಾ ಅಲ್ಲಿ ಕಲಿಸುತ್ತಾರೆ. ಕದ್ರಿಯಲ್ಲಿ ಸರಕಾರಿ ಐಟಿಐ ಇದೆ. ಅಷ್ಟು ಸಮಯವಿಲ್ಲದವರು ಒಂದು ಸಿಎನ್‌ಸಿ ಅಂಗಡಿಯಲ್ಲಿ ಆರು ತಿಂಗಳು ಸಹಾಯಕನಾಗಿ ನಿಂತರೂ ಆದೀತು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಫ್ರೀಕ್ಯಾಡ್‌ನಂಥದ್ದು ಉಚಿತವಾಗಿಯೇ ಸಿಗುತ್ತದೆ. ಮೆಷಿನ್ ಬರುವ ಮೊದಲೇ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಕಲಿಯಬಹುದು. ಮೂರು ತಿಂಗಳು ಅದರ ಮುಂದೆ ಕೂರಲು ಮಗನಿಗೆ ತಾಳ್ಮೆ ಇಲ್ಲದಿದ್ದರೆ ಮೆಷಿನಿನ ಮುಂದೆಯೂ ಇರುವುದಿಲ್ಲ. ಅದು ಬಳೆ ಮಾರುವ ಮೊದಲೇ ಮನೆಯವರಿಗೆ ಗೊತ್ತಾಗುವ ಪರೀಕ್ಷೆ.

ಮೂರನೆಯದು, ಮೆಷಿನಿನ ಬೆಲೆಗೆ ಲೆಕ್ಕ ಮುಗಿಸಬಾರದು. ಬಿಟ್‌ಗಳು, ವರ್ನಿಯರ್ ಕ್ಯಾಲಿಪರ್, ಕ್ಲಾಂಪ್, ವ್ಯಾಕ್ಯೂಮ್, ಕನ್ನಡಕ, ಸರಿಯಾದ ಅರ್ಥಿಂಗ್, ಹಾಳಾಗುವ ಮೊದಲ ನಾಲ್ಕೈದು ಪ್ಲೇಟು, ಇವಕ್ಕೂ ಹಣ ಇಟ್ಟುಕೊಳ್ಳಬೇಕು. ಗಿರಾಕಿಯಿಂದ ಹಣ ಕೇಳುವಾಗ ಲೋಹದ ತೂಕಕ್ಕೆ ಕೇಳಬಾರದು, ಸಮಯಕ್ಕೆ ಕೇಳಬೇಕು. 40 ನಿಮಿಷದ ಕೆಲಸಕ್ಕೆ ತುಂಡು ಲೋಹದ ಬೆಲೆ ತೆಗೆದುಕೊಂಡರೆ ಮೆಷಿನ್ ಓಡುತ್ತದೆ, ಮನೆ ಓಡುವುದಿಲ್ಲ. ಗಾಲಿಕುರ್ಚಿಯ ಪ್ಲೇಟಿಗೆ ಎಷ್ಟು ತೆಗೆದುಕೊಂಡೆ ಎಂದು ಕೇಳಿದೆ. "ಅದಕ್ಕೆ ತಕ್ಕೊಳ್ಲಿಲ್ಲ. ಅದು ನನಗೆ ಕಲಿಸಿತಲ್ಲ" ಎಂದ.

ಹೊರಡುವಾಗ ಉಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. ಮರದ ಹುಡಿ ಒಂದು ಕಡೆ, ಅಲ್ಯೂಮಿನಿಯಂ ಸಿಬರು ಬೇರೆ ಡಬ್ಬದಲ್ಲಿ. ತುಂಬಿದ ಮೇಲೆ ಗುಜರಿಗೆ ಕೊಡುತ್ತಾರಂತೆ. ಕೈ ನೋಡಿದೆ, ಒಂದು ಬಳೆ ಇತ್ತು. "ಒಂದು ಬಂತು ಉಸ್ತಾದರೇ, ಅಲ್‌ಹಮ್ದುಲಿಲ್ಲಾಹ್" ಎಂದರು. ಇನ್ನೊಂದು ಯಾವಾಗ ಎಂದು ನಾನು ಕೇಳಲಿಲ್ಲ. ಮಗ ಒಳಗಿನಿಂದ ಕೂಗಿದ, "ಉಮ್ಮ, ಬಾಗಿಲು ಹಾಕಿ, ಮೆಷಿನ್ ಹಾಕ್ತೇನೆ." ಅಂಗಳ ದಾಟುವಾಗ ಶಬ್ದ ಶುರುವಾಯಿತು. ಕಿರುಚಲಿಲ್ಲ. ಕತ್ತರಿಸುತ್ತಾ ಇತ್ತು.